ಬಿಪಿ ಬೀಳುವವರೆಗೆ ಕಾಯ್ಬೇಡ: ಸೆಪ್ಸಿಸ್ ಪೇಷಂಟ್ ಹತ್ರ ರಾತ್ರಿ ಡ್ಯೂಟಿಯ ನರ್ಸ್ ಎಂತ ನೋಡ್ಬೇಕು?

ಪ್ರಶ್ನೆ: ಅಕ್ಕಾ ನಮಸ್ತೆ. ನಾನು ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್, ಕೋರ್ಸ್ ಮುಗಿದು ಒಂದೂವರೆ ವರ್ಷ ಆಯ್ತಷ್ಟೆ. ಕಳೆದ ಮಳೆಗಾಲದಲ್ಲಿ ಅಡಿಕೆ ತೋಟದ ಕೆಲಸ ಮಾಡುವ 52 ವರ್ಷದ ಒಬ್ರು ಜ್ವರ, ಮೈಕೈ ನೋವು ಅಂತ ಅಡ್ಮಿಟ್ ಆದ್ರು. ಸಂಜೆ ಬಿಪಿ 110/70, ಚೆನ್ನಾಗಿ ಮಾತಾಡ್ತಾ ಇದ್ರು, ಗಂಜಿ ಕುಡಿದ್ರು. ಬೆಳಿಗ್ಗೆ 5 ಗಂಟೆಗೆ ನೋಡುವಾಗ ಬಿಪಿ 80. ಮಂಗಳೂರಿಗೆ ಕಳ್ಸಿದೆವು, ಅಲ್ಲಿ ಇಲಿಜ್ವರ, ಸೆಪ್ಸಿಸ್, ಕಿಡ್ನಿ ಫೇಲ್ ಅಂತ ಹೇಳಿ ಡಯಾಲಿಸಿಸ್ ಮಾಡಿದ್ರು. ಆ ರಾತ್ರಿ ಡ್ಯೂಟಿ ನಂದೇ. ನಾನು ಎಲ್ಲಿ ತಪ್ಪಿದೆ? ಅಂಗಾಂಗ ಫೇಲ್ ಆಗದ ಹಾಗೆ ನರ್ಸ್ ಆಗಿ ನಾನು ಎಂತ ಮಾಡ್ಬಹುದು? ಅವರ ಕಿಡ್ನಿ ಮತ್ತೆ ಸರಿ ಆಗ್ತದಾ?

ಉತ್ತರ: ತಂಗೀ, ನಿನ್ನ ಪ್ರಶ್ನೆ ಎರಡು ಸಲ ಓದಿದೆ. ಅದ್ರಲ್ಲಿ ಬಿಪಿ ಉಂಟು, ಜ್ವರ ಉಂಟು, ಗಂಜಿ ಕುಡಿದದ್ದೂ ಉಂಟು. ಉಸಿರು ನಿಮಿಷಕ್ಕೆ ಎಷ್ಟಿತ್ತು ಅಂತ ಇಲ್ಲ, ರಾತ್ರಿ ಮೂತ್ರ ಎಷ್ಟು ಹೋಯ್ತು ಅಂತಾನೂ ಇಲ್ಲ. ಇದು ನಿನ್ನನ್ನು ಬೈಲಿಕ್ಕೆ ಹೇಳುದಲ್ಲ. ನಮ್ಮ ಕಡೆಯ ವಾರ್ಡಿನ ಚಾರ್ಟ್ ತೆಗೆದು ನೋಡಿದ್ರೆ ಹೆಚ್ಚಾಗಿ ಹೀಗೇ, ರೆಸ್ಪಿರೇಷನ್ ಕಾಲಂನಲ್ಲಿ ಮೇಲಿಂದ ಕೆಳಗೆ 20, 20, 20, ಯೂರಿನ್ ಕಾಲಂನಲ್ಲಿ 'ಪಾಸ್ಡ್' ಅಂತ ಒಂದೇ ಶಬ್ದ. ನಾನೂ ಹಾಗೆ ಬರ್ದವಳೇ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ರಾತ್ರಿ 28 ಪೇಷಂಟಿಗೆ ನಾನೊಬ್ಳೇ, ಎಲ್ರಿಗೂ 20 ಹಾಕಿ ಕೂತಿದ್ದೆ, ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟ್ರು ಒಬ್ಬನ ಮಂಚದ ಪಕ್ಕ ನಿಂತು ವಾಚ್ ನೋಡ್ಕೊಂಡು ಎಣಿಸಿದ್ರು, 34. ಮತ್ತೆ ನನ್ನ ಕೈಯಲ್ಲಿದ್ದ ಚಾರ್ಟ್ ನೋಡಿದ್ರು, ಎಂತ ಹೇಳ್ಲಿಲ್ಲ. ಅವರು ಹಾಗೆ ಸುಮ್ಮನಿದ್ದದ್ದು ನಂಗೆ ಇವತ್ತಿಗೂ ಮರ್ತಿಲ್ಲ.

ಮೊದಲು ಒಳಗೆ ಎಂತ ಆಗ್ತದೆ ಅಂತ ಸ್ವಲ್ಪ ಹೇಳ್ತೇನೆ, ಅದು ಗೊತ್ತಿದ್ರೆ ಮತ್ತೆ ಬಾಯಿಪಾಠ ಬೇಡ. ನಮ್ಮೂರಲ್ಲಿ 'ನಂಜು ರಕ್ತಕ್ಕೆ ಏರಿದ್ದು' ಅಂತ ಹೇಳ್ತಾರಲ್ಲ, ಅದು ಅರ್ಧ ಸರಿ. ಸೆಪ್ಸಿಸ್ ಅಂದ್ರೆ ರಕ್ತದಲ್ಲಿ ಕ್ರಿಮಿ ಸಿಗ್ಲೇಬೇಕು ಅಂತಿಲ್ಲ, ಕಲ್ಚರ್, ಅಂದ್ರೆ ರಕ್ತದಿಂದ ಕ್ರಿಮಿ ಬೆಳೆಸಿ ನೋಡುವ ಟೆಸ್ಟ್, ನೆಗೆಟಿವ್ ಬಂದ ಸೆಪ್ಸಿಸ್ ಎಷ್ಟೋ ಉಂಟು. ಎಲ್ಲೋ ಒಂದು ಕಡೆ ಇನ್ಫೆಕ್ಷನ್ ಆಗ್ತದೆ, ಅದಕ್ಕೆ ದೇಹ ಕೊಡುವ ಉತ್ತರ ಹದ್ದು ಮೀರಿ ಸ್ವಂತ ಅಂಗಗಳಿಗೇ ಪೆಟ್ಟು ಬೀಳ್ತದೆ, 2016ರ ಅಂತಾರಾಷ್ಟ್ರೀಯ ವ್ಯಾಖ್ಯೆ ಹೇಳುದೂ ಇದನ್ನೇ. ನೀನು ತೋಟಕ್ಕೆ ಸ್ಪ್ರಿಂಕ್ಲರ್ ಬಿಡುದು ನೋಡಿರ್ತಿ. ಪಂಪ್ ಅದೇ, ನೀರೂ ಅಷ್ಟೇ, ಎಲ್ಲಾ ವಾಲ್ವ್ ಒಟ್ಟಿಗೆ ತೆರೆದು ಬಿಟ್ರೆ ಮತ್ತು ನಾಲ್ಕು ಕಡೆ ಜಾಯಿಂಟ್ ಲೀಕ್ ಆದ್ರೆ ಪ್ರೆಶರ್ ಎಲ್ಲಿ ಉಳೀತದೆ? ತೋಟದ ಆ ತುದಿಯ ಮರಗಳಿಗೆ ನೀರು ಹೋಗುದೇ ಇಲ್ಲ. ಸೆಪ್ಸಿಸ್‌ನಲ್ಲಿ ರಕ್ತನಾಳಗಳು ಅಗಲ ಆಗ್ತವೆ, ಗೋಡೆ ಸೋರ್ತದೆ, ಸಣ್ಣ ಸಣ್ಣ ನಾಳಗಳಲ್ಲಿ ಹೆಪ್ಪು ಕಟ್ತದೆ. ಆಗ ಕಿಡ್ನಿ, ಮೆದುಳು, ಚರ್ಮ ಇವೆಲ್ಲ ತುದಿಯ ಮರಗಳು. ಪಂಪ್ ಹತ್ರ ನಿಂತವನಿಗೆ ಗೊತ್ತಾಗುವ ಮೊದಲೇ ತುದಿಯಲ್ಲಿ ಒಣಗಿರ್ತದೆ. ನಾವು ಕಫ್ ಕಟ್ಟಿ ನೋಡುವ ಬಿಪಿ ಉಂಟಲ್ಲ, ಅದು ಪಂಪ್ ಹತ್ರದ ಲೆಕ್ಕ.

ಹಾಗಾಗಿ ಉಸಿರು. ರಕ್ತದಲ್ಲಿ ಆಸಿಡ್ ಸೇರ್ತಾ ಬಂದ ಹಾಗೆ ದೇಹ ಅದನ್ನು ಉಸಿರಿನ ಮೂಲಕ ಹೊರಗೆ ಹಾಕ್ಲಿಕ್ಕೆ ನೋಡ್ತದೆ, ಬಿಪಿ ಬೀಳುವ ಗಂಟೆಗಟ್ಟಲೆ ಮೊದಲೇ ಉಸಿರು ಜೋರಾಗಿರ್ತದೆ. 22 ದಾಟಿದ್ರೆ ಕಿವಿ ನೆಟ್ಟಗಾಗ್ಬೇಕು. ಎಣಿಸುದು ಪೂರಾ ಒಂದು ನಿಮಿಷ, 15 ಸೆಕೆಂಡ್ ನೋಡಿ ನಾಲ್ಕರಿಂದ ಗುಣಿಸುದಲ್ಲ. ಎಣಿಸ್ತೇನೆ ಅಂತ ಪೇಷಂಟಿಗೆ ಗೊತ್ತಾದ್ರೆ ಅವರ ಉಸಿರೇ ಬದಲಾಗ್ತದೆ, ಅದಕ್ಕೆ ನಾಡಿ ಹಿಡಿದ ಹಾಗೆ ಕೈ ಹಿಡ್ಕೊಂಡು ಹೊಟ್ಟೆ ಮೇಲೆ ಕಣ್ಣಿಡು. ಸ್ಯಾಚುರೇಷನ್ (ರಕ್ತದ ಆಕ್ಸಿಜನ್) 97 ಉಂಟಲ್ಲ ಅಂತ ಸಮಾಧಾನ ಮಾಡ್ಕೊಳ್ಬೇಡ, 30ರಲ್ಲಿ ಉಸಿರಾಡಿ 97 ಉಳಿಸ್ಕೊಂಡವನು ಎಷ್ಟು ಹೊತ್ತು ಹಾಗೆ ಎಳೀತಾನೆ? ಕಪ್ಪು ಚರ್ಮದಲ್ಲಿ ಪಲ್ಸ್ ಆಕ್ಸಿಮೀಟರ್ ಇದ್ದದ್ದಕ್ಕಿಂತ ಸ್ವಲ್ಪ ಹೆಚ್ಚೇ ತೋರಿಸುದೂ ಉಂಟು, ಕೈ ತಣ್ಣಗಿದ್ರೆ ಅದರ ಲೆಕ್ಕಕ್ಕೆ ಮತ್ತೂ ಅರ್ಥ ಇಲ್ಲ.

ಎರಡನೇದು ಬುದ್ಧಿ, ಇದು ನಮ್ಮ ಕಾಸರಗೋಡಿನವರಿಗೆ ವಿಶೇಷವಾಗಿ ಹೇಳ್ಬೇಕು. ಸೆಪ್ಸಿಸ್‌ನಲ್ಲಿ ತಲೆ ಮಸುಕಾಗುದು ದೊಡ್ಡ ಸೂಚನೆ, ಆದ್ರೆ ಅದು ಗೊತ್ತಾಗ್ಬೇಕಾದ್ರೆ ಪೇಷಂಟಿನ ಭಾಷೆ ಗೊತ್ತಿರ್ಬೇಕು ಇಲ್ವಾ. ವಾರ್ಡಿನಲ್ಲಿ ಸಿಸ್ಟರ್ ಮಲಯಾಳ, ಅಜ್ಜಿ ತುಳು ಇಲ್ಲಾಂದ್ರೆ ಹವ್ಯಕ ಕನ್ನಡ ಅಥವಾ ಮರಾಟಿ, ಡಾಕ್ಟ್ರದ್ದು ಇನ್ನೊಂದು. ಒಂದ್ಸಲ ಒಬ್ರು ಅಜ್ಜಿ ಕೇಳಿದ್ದಕ್ಕೆಲ್ಲ ಏನೇನೋ ಹೇಳ್ತಿದ್ರು, ಜೊತೆಯ ಸಿಸ್ಟರ್ 'ಅವರಿಗೆ ಮಲಯಾಳ ಬರುದಿಲ್ಲ ಅಷ್ಟೆ' ಅಂತ ಹೋದ್ಲು. ನಾನು ಹೋಗಿ ತುಳುವಲ್ಲಿ ಮಾತಾಡಿಸಿದ್ರೆ ಅಜ್ಜಿ ನನ್ನ ಹತ್ರ ದನ ಕಟ್ಟಿ ಆಯ್ತಾ ಕೇಳಿದ್ರು, ಮತ್ತೆ ಡ್ರಿಪ್ಪಿನ ಟ್ಯೂಬನ್ನು ಹಗ್ಗ ಅಂತ ಸುತ್ಲಿಕ್ಕೆ ಹೊರಟ್ರು. ಮೂತ್ರದ ಇನ್ಫೆಕ್ಷನ್, ಜ್ವರ 98 ಮಾತ್ರ, ಉಸಿರು 28. ವಯಸ್ಸಾದವರಲ್ಲಿ ಜ್ವರ ಬಾರದೇ ಇರುದು ಉಂಟು, ಮೈ ತಣ್ಣಗೆ 96ಕ್ಕೆ ಇಳಿದ್ರೆ ಅದು ಜ್ವರಕ್ಕಿಂತ ಕೆಟ್ಟದು. ನಿಂಗೆ ಭಾಷೆ ಬಾರದಿದ್ರೆ ಪೇಷಂಟಿನ ಜೊತೆಗಿರುವ ಬೈಸ್ಟ್ಯಾಂಡರ್‌ನ ಕೇಳು, 'ಇವರು ಮನೆಯಲ್ಲೂ ಹೀಗೇ ಮಾತಾಡುದಾ? ನಿನ್ನೆ ಹೇಗಿದ್ರು?' ಅಂತ. ಮಗಳು 'ಇಲ್ಲ ಸಿಸ್ಟರ್, ಇವತ್ತು ಒಂಥರಾ ಇದ್ದಾರೆ' ಅಂದ್ರೆ ಅದನ್ನು ಹಾಗೇ ಚಾರ್ಟಲ್ಲಿ ಬರೀ. ಸಿಟ್ಟು ಮಾಡುದು, ಮಾಸ್ಕ್ ಕಿತ್ತು ಹಾಕುದು ಮಾತ್ರ ಅಲ್ಲ, ಸುಮ್ಮನೆ ನಿದ್ದೆ ಮಾಡ್ತಾ ಇರುದೂ ಇದೇ ಲೆಕ್ಕಕ್ಕೆ ಬರ್ತದೆ, ರಾತ್ರಿ ಹೊತ್ತು ಅದನ್ನು ನಾವು 'ಪಾಪ, ಈಗ ನಿದ್ದೆ ಬಂತು' ಅಂತ ಬಿಡುದು.

ಬಿಪಿಯನ್ನು ಬೇಡ ಅಂತ ಹೇಳುದಲ್ಲ, ಸರಿ ಓದ್ಬೇಕು. ಮೇಲಿನದ್ದು ಒಂದು, ಕೆಳಗಿನದ್ದು ಎರಡು ಸಲ ಕೂಡಿಸಿ ಮೂರರಿಂದ ಭಾಗಿಸು, ಅದು ಸರಾಸರಿ ಒತ್ತಡ, ಮ್ಯಾಪ್ ಅಂತ ಹೇಳ್ತೇವಲ್ಲ. 65ರ ಮೇಲೆ ಇರ್ಬೇಕು. 90/50 ಅಂದ್ರೆ 63, ಆಗ್ಲೇ ಕೆಳಗೆ. ನಿನ್ನ ಪೇಷಂಟಿನ 110/70 ಅಂದ್ರೆ 83, ಲೆಕ್ಕಕ್ಕೆ ಒಳ್ಳೇದೇ, ಆದ್ರೆ ಮನುಷ್ಯನ ಮಾಮೂಲಿ ಬಿಪಿ 160 ಇದ್ದು ಮಾತ್ರೆ ನುಂಗುವವನಾಗಿದ್ರೆ ಅದೇ 110 ಕಡಿಮೆ. ಕೇಳಿದ್ಯಾ ಹೆಂಡತಿ ಹತ್ರ? ಪಲ್ಸ್ ಎಷ್ಟಿತ್ತು? ಪಲ್ಸ್ ನಂಬರ್ ಮೇಲಿನ ಬಿಪಿ ನಂಬರನ್ನು ದಾಟಿದ್ರೆ, ಅಂದ್ರೆ ಬಿಪಿ 110 ಪಲ್ಸ್ 118, ಬಿಪಿ ಚೆನ್ನಾಗಿ ಕಂಡ್ರೂ ಅದು ಚೆನ್ನಾಗಿಲ್ಲ. ಮೆಟೊಪ್ರೊಲೋಲ್ ಥರದ ಪಲ್ಸ್ ಇಳಿಸುವ ಮಾತ್ರೆ ತಗೊಳ್ಳುವವರಲ್ಲಿ ಪಲ್ಸ್ ಅಷ್ಟು ಏರುದಿಲ್ಲ, ಅವರ ವಿಷಯದಲ್ಲಿ ಮೋಸ ಹೋಗ್ಬೇಡ. ಅಂಗಗಳಿಗೆ ರಕ್ತ ಸಾಲದಾಗ ಏರುವ ಲ್ಯಾಕ್ಟೇಟ್ ನೋಡುವ ಮೆಷಿನ್ ನಿಮ್ಮಲ್ಲಿ ಇರ್ಲಿಕ್ಕಿಲ್ಲ, ಪರವಾಗಿಲ್ಲ, ಬೆರಳಿನ ತುದಿಯನ್ನು 10 ಸೆಕೆಂಡ್ ಗಟ್ಟಿ ಒತ್ತಿ ಬಿಡು, ಬಣ್ಣ ವಾಪಾಸ್ ಬರ್ಲಿಕ್ಕೆ 3 ಸೆಕೆಂಡಿಗಿಂತ ಹೆಚ್ಚಾದ್ರೆ ರಕ್ತ ತುದಿಗೆ ಹೋಗ್ತಾ ಇಲ್ಲ. ಮೊಣಕಾಲ ಚಿಪ್ಪಿನ ಮೇಲೆ ಕೈ ಹಿಂಬದಿ ಇಟ್ಟು ನೋಡು, ರಕ್ತ ಓಡದಿರುವಾಗ ಏಳುವ ಕಲೆ ನಮ್ಮ ಬಣ್ಣದ ಚರ್ಮದಲ್ಲಿ ಸುಲಭಕ್ಕೆ ಕಾಣುದಿಲ್ಲ, ತಣ್ಣಗಿರುದು ಗೊತ್ತಾಗ್ತದೆ. ಇದಕ್ಕೆ ರೂಪಾಯಿ ಖರ್ಚಿಲ್ಲ.

ಈಗ ಮೂತ್ರಕ್ಕೆ ಬರ್ತೇನೆ, ನಿನ್ನ ಕೇಸ್ ಇರುದೇ ಇಲ್ಲಿ. ಲೆಕ್ಕ ಗಂಟೆಗೆ ಕಿಲೋಗೆ ಅರ್ಧ ಎಂಎಲ್, 60 ಕಿಲೋದವರಿಗೆ 30 ಎಂಎಲ್. ಎರಡು ಗಂಟೆ ಸಾಲಾಗಿ ಅದಕ್ಕಿಂತ ಕಡಿಮೆ ಆದ್ರೆ ಫೋನ್ ಎತ್ತು, ಬೆಳಿಗ್ಗೆವರೆಗೆ ಒಟ್ಟು ಮಾಡಿ ನೋಡುವ ಅಂತ ಕೂತ್ರೆ ಆ ಹೊತ್ತಿಗೆ ಕಿಡ್ನಿ ಮುಗ್ದಿರ್ತದೆ. ಗಂಟೆ ಗಂಟೆಗೆ ಅಳೆಯುವ ಯೂರೋಮೀಟರ್ ಇಲ್ಲದಿದ್ರೆ ಪ್ರತಿ ಗಂಟೆ ಬ್ಯಾಗನ್ನು ಅಳತೆ ಜಾರಿಗೆ ಖಾಲಿ ಮಾಡು, ಬ್ಯಾಗಿನ ಮೇಲಿನ ಗೆರೆ ನೋಡಿ ಅಂದಾಜು ಬರೀಬೇಡ, ಆ ಗೆರೆಗಳು 100ರ ಲೆಕ್ಕದ್ದು, 30 ಎಂಎಲ್ ಅದ್ರಲ್ಲಿ ಎಲ್ಲಿ ಕಾಣ್ತದೆ? ಮೂತ್ರ ನಿಂತು ಹೋಯ್ತು ಅಂತ ಹೆದರುವ ಮೊದಲು ಟ್ಯೂಬ್ ತೊಡೆ ಅಡಿಗೆ ಸಿಕ್ಕಿ ಮಡಚಿದೆಯಾ, ಕಿಬ್ಬೊಟ್ಟೆ ಉಬ್ಬಿದೆಯಾ ನೋಡು. ಕ್ಯಾಥೆಟರ್ ಇಲ್ಲದೆ ಎದ್ದು ಹೋಗುವ ಪೇಷಂಟಾದ್ರೆ ಬಾಟ್ಲಿ ಕೊಟ್ಟು ಬೈಸ್ಟ್ಯಾಂಡರಿಗೆ ಹೇಳಿಡು, ಚೆಲ್ಬೇಡಿ, ನನ್ನ ಕರೀರಿ ಅಂತ. ಅವರು ಮರೀತಾರೆ, ನಾಲ್ಕು ಸಲ ಹೇಳ್ಬೇಕು.

ಆದ್ರೆ ಇಲಿಜ್ವರದಲ್ಲಿ ಒಂದು ಕುತ್ತು ಉಂಟು, ಇದನ್ನು ಸರಿಯಾಗಿ ಕೇಳು. ಲೆಪ್ಟೊಸ್ಪೈರಾ ಕ್ರಿಮಿ ಕಿಡ್ನಿಯ ನಳಿಗೆಗಳಿಗೆ ಹೊಡೀತದೆ, ಮೂತ್ರ ಧಾರಾಳ ಹೋಗ್ತಾ ಇರುವಾಗ್ಲೇ ಕಿಡ್ನಿ ಸೋತದ್ದನ್ನು ತೋರಿಸುವ ರಕ್ತದ ಕ್ರಿಯಾಟಿನಿನ್ ಏರುದು ಉಂಟು, ಪೊಟಾಸಿಯಂ ಕಡಿಮೆ ಆಗುದೂ ಉಂಟು. ಬೇರೆ ಕಿಡ್ನಿ ಫೇಲಲ್ಲಿ ಹೆಚ್ಚಾಗಿ ಪೊಟಾಸಿಯಂ ಏರುದು, ಇಲ್ಲಿ ಕೆಲವು ಸಲ ಉಲ್ಟಾ. ಹಾಗಾಗಿ ಮಳೆಗಾಲ, ತೋಟದ ಕಣಿಯ ನೀರಲ್ಲಿ ಬರಿಗಾಲಲ್ಲಿ ನಿಲ್ಲುವ ಕೆಲಸ, ಜ್ವರ, ಮೀನಖಂಡ ಮುಟ್ಟಿದ್ರೆ ಕಿರುಚುವಷ್ಟು ನೋವು, ಕಣ್ಣು ಕೆಂಪಾದ್ರೂ ಗೀಜು ಇಲ್ಲ, ಇಷ್ಟು ಕಂಡ ಕೂಡ್ಲೆ 'ಸರ್ ಇಲಿಜ್ವರ ಇರ್ಬಹುದಾ' ಅಂತ ಕೇಳುವ ಹಕ್ಕು ನಿಂಗೆ ಉಂಟು. ಅಡ್ಮಿಷನ್ ಬರೆಯುವಾಗ ಎಂತ ಕೆಲಸ ಅಂತ ಕೇಳುದು ಸಣ್ಣ ವಿಷಯ ಅಲ್ಲ. ಕಫದಲ್ಲಿ ರಕ್ತದ ಗೆರೆ ಬಂದ್ರೆ ಶ್ವಾಸಕೋಶದಲ್ಲಿ ರಕ್ತ ಸೋರ್ಲಿಕ್ಕೆ ಶುರು ಅಂತ ಅರ್ಥ, ಅದು ಕಾಯುವ ಕೇಸ್ ಅಲ್ಲ. ಕಾಡಿನ ಬದಿಯವರು, ಸೊಪ್ಪು ಕಡಿಯುವವರು ಆದ್ರೆ ಕಂಕುಳು, ತೊಡೆ ಸಂದು, ಮೊಲೆಯ ಅಡಿ ನೋಡು, ಸಿಗರೇಟ್ ಸುಟ್ಟ ಹಾಗೆ ಒಂದು ಕಪ್ಪು ಹೊಪ್ಪಳೆ ಕಂಡ್ರೆ ಸ್ಕ್ರಬ್ ಟೈಫಸ್ ಇರ್ಬಹುದು, ಅದು ಸಣ್ಣ ಹುಳ ಕಚ್ಚಿ ಬರುವ ಜ್ವರ. ಸ್ಪಂಜ್ ಬಾತ್ ಕೊಡುವ ನರ್ಸಿಗೆ ಕಾಣುವಷ್ಟು ಅದು ಡಾಕ್ಟ್ರಿಗೆ ಕಾಣುದಿಲ್ಲ.

ಇನ್ನೊಂದು ಕೇಳ್ತೇನೆ, ಆ ರಾತ್ರಿ ಮೈಕೈ ನೋವಿಗೆ ಡೈಕ್ಲೋ ಇಂಜೆಕ್ಷನ್ ಹಾಕಿದ್ರಾ? ನಮ್ಮ ಕಡೆ ಜ್ವರ ಅಂತ ಬಂದವನಿಗೆ ಸೊಂಟಕ್ಕೆ ಡೈಕ್ಲೋ ಹೊಡೆಯುದು ಒಂದು ಚಾಳಿ, ಪೇಷಂಟೂ ಕೇಳಿ ಹಾಕಿಸ್ಕೊಳ್ತಾನೆ. ಒತ್ತಡ ಕಡಿಮೆ ಆದ ಕಿಡ್ನಿಗೆ ಅದು ಇನ್ನೊಂದು ಗುದ್ದು, ಪ್ಲೇಟ್ಲೆಟ್ ಇಳಿದಿದ್ರೆ ಸೊಂಟದಲ್ಲಿ ರಕ್ತ ಗಡ್ಡೆ ಕಟ್ತದೆ. ಆರ್ಡರಲ್ಲಿ ಇದ್ರೂ ಸರಿ, ಹಾಕುವ ಮೊದಲು ಒಂದು ಮಾತು ಕೇಳು. ಜೆಂಟಾಮೈಸಿನ್, ಬಿಪಿಯ ಎನಲಪ್ರಿಲ್ ಥರದ ಮಾತ್ರೆ, ಶುಗರಿನ ಮೆಟ್‌ಫಾರ್ಮಿನ್, ಇವು ಹಳೇ ಚೀಟಿಯಿಂದ ಹಾಗೇ ಕಾಪಿ ಆಗಿ ಡ್ರಗ್ ಚಾರ್ಟಲ್ಲಿ ಕೂತಿರ್ತವೆ, ಅವನ್ನೂ ತೋರಿಸಿ 'ಇವತ್ತು ಕೊಡುದಾ ಸರ್' ಅಂತ ಕೇಳ್ಬೇಕು.

ಆಂಟಿಬಯೋಟಿಕ್ ಬರೆಯುದು ಡಾಕ್ಟ್ರು, ಆದ್ರೆ ಅದು ನರದೊಳಗೆ ಎಷ್ಟು ಗಂಟೆಗೆ ಹೋಗ್ತದೆ ಅಂತ ತೀರ್ಮಾನ ಆಗುದು ನಮ್ಮಿಂದ. 2021ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಶಾಕ್ (ಬಿಪಿ ಬಿದ್ದು ಅಂಗಗಳಿಗೆ ರಕ್ತ ಸಾಲದ ಸ್ಥಿತಿ) ಇದ್ರೆ ಒಂದು ಗಂಟೆಯೊಳಗೆ ಅಂತ ಹೇಳ್ತದೆ. ಈಗ ನಮ್ಮ ಆಸ್ಪತ್ರೆಗಳಲ್ಲಿ ನಡೆಯುದು ನೋಡು, ಚೀಟಿ ಬೈಸ್ಟ್ಯಾಂಡರ್ ಕೈಗೆ, ಅವರು ಫಾರ್ಮಸಿಗೆ, ಅಲ್ಲಿ ಕ್ಯೂ, ದುಡ್ಡು ಸಾಲದೆ ಮನೆಗೆ ಫೋನ್, ಮದ್ದು ಬರುವಾಗ ಡ್ಯೂಟಿ ಚೇಂಜ್. ಎರಡು ಗಂಟೆ ಗಾಳಿಗೆ ಹೋಯ್ತು. ಎಮರ್ಜೆನ್ಸಿ ಟ್ರೇಯಲ್ಲಿ ಮೊದಲನೇ ಡೋಸಿಗೆ ಬೇಕಾದ್ದು ಇಟ್ಕೊಳ್ಳುವ, ಮತ್ತೆ ವಾಪಾಸ್ ತರಿಸಿ ಇಡುವ ಅಂತ ನಿಮ್ಮ ಇನ್‌ಚಾರ್ಜ್ ಸಿಸ್ಟರ್ ಹತ್ರ ಮಾತಾಡು, ಈ ಒಂದು ಕೆಲಸ ಆದ್ರೆ ಉಳಿದ ನನ್ನ ಭಾಷಣ ಮರ್ತ್ರೂ ತೊಂದರೆ ಇಲ್ಲ. ಕಲ್ಚರ್ ಬಾಟ್ಲಿ ಇದ್ರೆ ಮದ್ದಿಗಿಂತ ಮೊದಲು ರಕ್ತ ತೆಗಿ, ಎರಡು ಬೇರೆ ಕಡೆಯಿಂದ, ಬಾಟ್ಲಿಗೆ 8ರಿಂದ 10 ಎಂಎಲ್. ಅದಕ್ಕಂತ ಮದ್ದು ಮುಕ್ಕಾಲು ಗಂಟೆಗಿಂತ ತಡ ಆಗ್ಬಾರ್ದು. ಸೆಫ್ಟ್ರಿಯಾಕ್ಸೋನ್ ಆಂಟಿಬಯೋಟಿಕನ್ನು ಆರ್ಎಲ್ (ರಿಂಗರ್ ಲ್ಯಾಕ್ಟೇಟ್ ಡ್ರಿಪ್) ಹೋಗ್ತಾ ಇರುವ ಅದೇ ಲೈನಲ್ಲಿ ಒಟ್ಟಿಗೆ ಬಿಡ್ಬೇಡ, ಆರ್ಎಲ್‌ನಲ್ಲಿ ಕ್ಯಾಲ್ಸಿಯಂ ಇರುದ್ರಿಂದ ಹರಳು ಕಟ್ತದೆ, ನಿಲ್ಸಿ ಸಲೈನಲ್ಲಿ ಫ್ಲಶ್ ಮಾಡಿ ಕೊಟ್ಟು ಮತ್ತೆ ಫ್ಲಶ್ ಮಾಡು.

ಡ್ರಿಪ್ ವಿಷಯ. ಬಿಪಿ ಕಡಿಮೆ ಇದ್ರೆ ಮೊದಲ 3 ಗಂಟೆಯಲ್ಲಿ ಕಿಲೋಗೆ 30 ಎಂಎಲ್, 60 ಕಿಲೋಗೆ 1800 ಎಂಎಲ್, ಸಾಮಾನ್ಯವಾಗಿ ಬರೀ ಸಲೈನ್ ಆದ ಎನ್‌ಎಸ್‌ಗಿಂತ ಆರ್ಎಲ್ ಒಳ್ಳೇದು. 'ಗ್ಲೂಕೋಸ್ ಹಾಕಿ ಸಿಸ್ಟರ್' ಅಂತ ಮನೆಯವರು ಹೇಳ್ತಾರೆ, ಗ್ಲೂಕೋಸ್ ಡ್ರಿಪ್ಪಿಂದ ಬಿಪಿ ಏರುದಿಲ್ಲ. ಮತ್ತೆ ನೀರು ಕೊಟ್ಟದ್ದೂ ಮದ್ದೇ, ಅದಕ್ಕೂ ಓವರ್‌ಡೋಸ್ ಉಂಟು. ಇಲಿಜ್ವರ, ಸ್ಕ್ರಬ್, ಡೆಂಗಿ ಇವುಗಳಲ್ಲಿ ನಾಳ ಸೋರುದ್ರಿಂದ ಕೊಟ್ಟ ನೀರು ಹೋಗಿ ಶ್ವಾಸಕೋಶದಲ್ಲಿ ಕೂರ್ತದೆ. ಪ್ರತಿ ಬಾಟ್ಲಿ ಬದಲಿಸುವಾಗ ಬೆನ್ನ ಹಿಂದೆ ಕೆಳಗೆ ಸ್ಟೆತ್ ಇಟ್ಟು ಕೇಳು, ಉಸಿರು ಎಣಿಸು. ಬಾಟ್ಲಿ ಮುಗಿದ ಮೇಲೆ ಉಸಿರು 24ರಿಂದ 32ಕ್ಕೆ ಹೋಗಿದ್ರೆ, ಬುಡದಲ್ಲಿ ಗರಗರ ಕೇಳಿದ್ರೆ, ಸ್ಲೋ ಮಾಡಿ ಡಾಕ್ಟ್ರಿಗೆ ಹೇಳು, ಆರ್ಡರಲ್ಲಿ ಇನ್ನೂ ಎರಡು ಬಾಟ್ಲಿ ಬಾಕಿ ಉಂಟು ಅಂತ ಏರಿಸ್ಬೇಡ. ನೀರಿಗೂ ಬಿಪಿ ನಿಲ್ಲದಿದ್ರೆ ನಾಳ ಬಿಗಿ ಮಾಡಿ ಬಿಪಿ ಏರಿಸುವ ನಾರ್‌ಅಡ್ರಿನಲಿನ್. ಕುತ್ತಿಗೆಯಂಥ ಕಡೆಯ ದೊಡ್ಡ ನರಕ್ಕೆ ಸೆಂಟ್ರಲ್ ಲೈನ್ ಹಾಕುವವರು ಬರುವವರೆಗೆ ಕಾಯ್ಬೇಕು ಅಂತಿಲ್ಲ, ಮೊಣಕೈಯ ಮಡಿಕೆಯಲ್ಲಿ ದೊಡ್ಡ ನರದಲ್ಲಿ ಸ್ವಲ್ಪ ಹೊತ್ತಿಗೆ ಶುರು ಮಾಡ್ಬಹುದು. ಆದ್ರೆ ಪಂಪಲ್ಲೇ ಹೋಗ್ಬೇಕು, ಆ ಕೈಗೆ ಬಿಪಿ ಕಫ್ ಕಟ್ಬಾರ್ದು, ಆ ಲೈನಲ್ಲಿ ಬೇರೆ ಇಂಜೆಕ್ಷನ್ ತಳ್ಬಾರ್ದು, ಜಾಗ ಬೆಳ್ಳಗೆ ತಣ್ಣಗೆ ಆಯ್ತಾ ಅಂತ ಗಂಟೆ ಗಂಟೆಗೆ ನೋಡ್ಬೇಕು. ಸಿರಿಂಜ್ ಮುಗಿಯುವ ಮೊದಲೇ ಇನ್ನೊಂದು ರೆಡಿ ಇರ್ಬೇಕು, ಅದು ಎರಡು ನಿಮಿಷ ನಿಂತ್ರೆ ಬಿಪಿ ಪಾತಾಳಕ್ಕೆ.

ಉಳಿದದ್ದು ಬೇಗ ಹೇಳಿ ಮುಗಿಸ್ತೇನೆ. ತಲೆಬದಿ 30ರಿಂದ 45 ಡಿಗ್ರಿ ಎತ್ತರ ಇರ್ಲಿ, ಬ್ರಶ್ಶಲ್ಲೇ ಬಾಯಿ ಕ್ಲೀನ್ ಮಾಡು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸು. ಶುಗರ್ 180 ದಾಟಿದ್ರೆ ಇನ್ಸುಲಿನ್ ಮಾತು, ಅದಕ್ಕಿಂತ ಹೆಚ್ಚು ಹೆದರ್ಬೇಕಾದ್ದು ಶುಗರ್ ಇಳಿಯುದಕ್ಕೆ, ಮತ್ತೆ ಶಾಕಲ್ಲಿ ತಣ್ಣಗಿನ ಬೆರಳಿಂದ ತೆಗೆದ ಗ್ಲೂಕೋಮೀಟರ್ ರೀಡಿಂಗನ್ನು ಪೂರಾ ನಂಬ್ಲಿಕ್ಕಾಗುದಿಲ್ಲ, ಅನುಮಾನ ಇದ್ರೆ ನರದ ರಕ್ತ ಲ್ಯಾಬಿಗೆ ಕಳ್ಸು. ಕಣ್ಣು ಹಳದಿ ಆಗಿದೆಯಾ ಅಂತ ಟ್ಯೂಬ್‌ಲೈಟಲ್ಲಿ ಗೊತ್ತಾಗುದಿಲ್ಲ, ಬೆಳಿಗ್ಗೆ ಕಿಟಕಿ ಬೆಳಕಲ್ಲಿ ನೋಡು. ವಸಡಿಂದ, ಡ್ರಿಪ್ ಚುಚ್ಚಿದ ಜಾಗದಿಂದ ರಕ್ತ ಜಿನುಗ್ತಾ ಇದ್ರೆ ಹೇಳು. ಕ್ಯಾಥೆಟರ್, ಲೈನ್ ಎಲ್ಲ ಬೇಡ ಆದ ದಿನವೇ ತೆಗೆಸು, ಅದ್ರಿಂದ ಎರಡನೇ ಸೆಪ್ಸಿಸ್ ಬಂದ್ರೆ ಆ ಪಾಪ ನಮ್ಮದೇ. ಕೈ ತೊಳೆಯುದನ್ನು ಹೇಳ್ಬೇಕಾ?

ಈಗ ಫೋನ್. ರಾತ್ರಿ 2 ಗಂಟೆಗೆ ಡಾಕ್ಟ್ರನ್ನು ಎಬ್ಬಿಸ್ಲಿಕ್ಕೆ ಹೆದರಿಕೆ ಆಗ್ತದೆ, ನಂಗೆ ಗೊತ್ತುಂಟು. 'ಸರ್, ಪೇಷಂಟ್ ಒಂಥರಾ ಇದ್ದಾರೆ' ಅಂದ್ರೆ ಅವರು 'ಬೆಳಿಗ್ಗೆ ನೋಡುವ' ಅಂತ ಇಡ್ತಾರೆ. ಹೀಗೆ ಹೇಳು: 'ಸರ್, ಬೆಡ್ 7, ಸಂಜೆ ಜ್ವರಕ್ಕೆ ಅಡ್ಮಿಟ್ ಆದವರು. 10 ಗಂಟೆಗೆ ಉಸಿರು 20 ಇತ್ತು, ಈಗ 28. ಪಲ್ಸ್ 120, ಬಿಪಿ 100/60. ಎರಡು ಗಂಟೆಯಲ್ಲಿ ಮೂತ್ರ 25 ಎಂಎಲ್. ಮೊಣಕಾಲು ತಣ್ಣಗಾಗಿದೆ. ಹೆಂಡತಿ ಹೇಳ್ತಾರೆ ಮಾತು ಸರಿ ಇಲ್ಲ ಅಂತ. ನಂಗೆ ಸೆಪ್ಸಿಸ್ ಅಂತ ಸಂಶಯ, ನೀವು ಬರ್ಬೇಕು.' ಇಷ್ಟು ಕೇಳಿ ಮಲಗುವ ಡಾಕ್ಟ್ರು ಕಡಿಮೆ. ಆದ್ರೂ ಬಾರದಿದ್ರೆ ಫೋನ್ ಮಾಡಿದ ಟೈಮ್ ಬರ್ದಿಟ್ಟು ಅರ್ಧ ಗಂಟೆಯಲ್ಲಿ ಪುನಃ ಮಾಡು, ಸೂಪರಿಂಟೆಂಡೆಂಟಿಗೂ ಮಾಡು.

ಮಂಗಳೂರಿಗೆ ಕಳ್ಸುದು ಅಂತ ಆದ್ರೆ ಬದಿಯಡ್ಕದಿಂದ ಕುಂಬಳೆ, ತಲಪಾಡಿ ದಾಟಿ ಹೋಗುವಷ್ಟು ಹೊತ್ತು ಪೇಷಂಟ್ ಮದ್ದಿಲ್ಲದೆ ಇರ್ಬಾರ್ದು. ಮೊದಲ ಡೋಸ್ ಇಲ್ಲೇ ಹಾಕು, ಎರಡು ದೊಡ್ಡ ಕ್ಯಾನುಲಾ ಇರ್ಲಿ, ಆಕ್ಸಿಜನ್ ಸಿಲಿಂಡರ್ ಮುಳ್ಳು ನೋಡು. ರೆಫರೆನ್ಸ್ ಚೀಟಿಯಲ್ಲಿ 'ಫೀವರ್, ಹೈಪೊಟೆನ್ಷನ್' ಅಂತ ಎರಡು ಶಬ್ದ ಬರ್ದು ಕಳ್ಸಿದ್ರೆ ಅಲ್ಲಿಯವರು ಮೊದಲಿಂದ ಶುರು ಮಾಡ್ಬೇಕು. ಯಾವ ಆಂಟಿಬಯೋಟಿಕ್ ಎಷ್ಟು ಗಂಟೆಗೆ, ಎಷ್ಟು ಲೀಟರ್ ಹೋಯ್ತು, ಗಂಟೆವಾರು ಮೂತ್ರ, ಕೆಲಸ ಎಂತದ್ದು, ಎಲ್ಲ ಬರಿ.

ನೀನು ಎಲ್ಲಿ ತಪ್ಪಿದೆ ಅಂತ ಕೇಳಿದ್ದಿ. ಗಂಟೆ ಲೆಕ್ಕ ಇಲ್ಲದೆ ನಾನು ಎಂತ ಹೇಳ್ಲಿ? ಆ ರಾತ್ರಿ ಎಣಿಸಿದ್ರೆ ಡಯಾಲಿಸಿಸ್ ಬೇಡ ಇತ್ತು ಅಂತಾನೂ ಹೇಳ್ಲಿಕ್ಕಾಗುದಿಲ್ಲ, ಇಲಿಜ್ವರದಲ್ಲಿ ಕಿಡ್ನಿಗೆ ಪೆಟ್ಟು ಕೆಲವ್ರಿಗೆ ಬರುವಾಗ್ಲೇ ಆಗಿರ್ತದೆ. ಎಷ್ಟು ಪೇಷಂಟಿಗೆ ನೀನೊಬ್ಳೇ ಇದ್ದಿ ಅಂತ ನೀನು ಬರೀಲಿಲ್ಲ, ಅದೂ ಲೆಕ್ಕಕ್ಕೆ ಬರ್ಬೇಕು.

ಅವರ ಕಿಡ್ನಿ ವಿಷಯ ಕೇಳಿದ್ದಿ, ಅದ್ರಲ್ಲಿ ಒಳ್ಳೇ ಸುದ್ದಿ ಉಂಟು. ಇಲಿಜ್ವರದ ಕಿಡ್ನಿ ಫೇಲ್ ಬಹಳಷ್ಟು ಜನರಲ್ಲಿ ವಾಪಾಸ್ ಬರ್ತದೆ, ಡಯಾಲಿಸಿಸ್ ಕೆಲವು ಸಲ ಮಾಡಿ ನಿಲ್ಸುದೇ ಹೆಚ್ಚು. ಚೇತರಿಸುವಾಗ ಒಂದು ಹಂತದಲ್ಲಿ ಮೂತ್ರ ದಿನಕ್ಕೆ ಲೀಟರ್‌ಗಟ್ಟಲೆ ಹೋಗ್ತದೆ, ಆಗ ನೀರು, ಪೊಟಾಸಿಯಂ ಎರಡೂ ನೋಡ್ಕೊಳ್ಬೇಕು. ಅವರ ಮನೆ ನಿಂಗೆ ಗೊತ್ತಿದ್ರೆ ಹೇಳು, 3 ತಿಂಗಳಾಗುವಾಗ ಕ್ರಿಯಾಟಿನಿನ್ ಒಮ್ಮೆ ನೋಡ್ಬೇಕು, ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗ್ಬಾರ್ದು, ಬರುವ ಮಳೆಗಾಲಕ್ಕೆ ತೋಟಕ್ಕೆ ಇಳಿಯುವಾಗ ಗಮ್‌ಬೂಟ್ ಹಾಕ್ಲಿ, ಇಲಿಜ್ವರ ಬಾರದ ಹಾಗೆ ವಾರಕ್ಕೊಮ್ಮೆ 200 ಎಂಜಿ ಡಾಕ್ಸಿಸೈಕ್ಲಿನ್ ತಗೊಳ್ಳುದು ಅವರಿಗೆ ಆಗ್ತದಾ ಅಂತ ಹತ್ತಿರದ ಪಿಎಚ್‌ಸಿಯಲ್ಲಿ ಕೇಳ್ಲಿ. ಹೆಂಡತಿ, ಮಕ್ಕಳು ಅದೇ ಕಣಿಗೆ ಇಳಿಯುವವರಾದ್ರೆ ಅವರೂ.